ಖೋಲಿ ಐದು ಫೂಟ

ಗೋಡಿ ಮ್ಯಾಲ ನೀಲಿ ಅಕ್ಷರದಾಗ ಬರದಾರ: ಖೋಲಿ ಐದು ಫೂಟ.
ಮರಾಠಿಯೊಳಗ ಖೋಲಿ ಅಂದ್ರ ಆಳ,
ಖೋಲಿ ಅಂದ್ರ ಕ್ವಾಣಿನೂ ಹೌದು.
ಸೋಲಾಪುರದಾಗ ಹುಟ್ಟಿ ಅರವತ್ತೊಂದು ವರ್ಷ
ನಾ ಎರಡನೇ ಅರ್ಥದಾಗ ಅಷ್ಟ ಬಾಳೀನಿ:
ಹತ್ತು ಬೈ ಹತ್ತು, ತಗಡಿನ ಮಾಡು,
ಗ್ವಾಡಿ ಆಚೆ ಮಗ್ಗ.
ಅದರ ಸಪ್ಪಳದಾಗ ಬೆಳೆದ ಮೂರು ಮಕ್ಕಳು
ಇವತ್ತಿಗೂ ಒದರೇ ಮಾತಾಡ್ತಾವ.

ಮೊಣಕಾಲಿನ ಡಾಕ್ಟರು ಅಂದ್ರು,
ನೆಲದ ಮ್ಯಾಲ ನಡದದ್ದು ಸಾಕು, ನೀರಾಗ ನಡೀರಿ.
ನಾ ನಕ್ಕೆ. ಅವರು ನಗಲಿಲ್ಲ, ಚೀಟಿ ಬರದ್ರು.

ಪಾಲಿಕೆಯವರ ಹೊಸಾ ಕಟ್ಟಡ. ಮ್ಯಾಲಿನ ಮಾಳಗ್ಯಾಗ
ನಿಂತಲ್ಲೇ ಓಡೋ ಹುಡುಗೂರು, ಬ್ಯಾಡ್ಮಿಂಟನ್ನಿನ ಟಪ್ ಟಪ್,
ಕೆಳಗ, ಗಾಜಿನ ಮಾಡಿನ ಬುಡಕ, ನೀರು.
ಆಮಿ ಇಲ್ಲ, ಪಾಚಿ ಇಲ್ಲ, ಪಾವಟಿಗಿ ಮ್ಯಾಲ ಅರಿಬಿ ಒಗಿಯೋರಿಲ್ಲ.
ಈಗಷ್ಟ ಒರಸಿದ ದವಾಖಾನಿ ವಾಸನಿ.
ಮಧ್ಯಾಹ್ನ ಎರಡರಿಂದ ಮೂರೂವರಿ ಹೆಂಗಸರದು.

ಮೊದಲನೇ ದಿನ ಇಳೀಲೇ ಇಲ್ಲ.
ಕಟ್ಟಿ ಮ್ಯಾಲ ಕುಂತು ಎಣಿಸಿದೆ, ಎಷ್ಟು ಕೊಡ ಆದೀತು.
ನಮ್ಮ ಓಣಿಗೆ ನಳ ಬರೋದು ನಾಕ ದಿನಕ್ಕೊಮ್ಮೆ,
ಅದೂ ರಾತ್ರಿ, ಅದೂ ಕೆಮ್ಮಿಕೋತ.
ಒಂದು ಸಾವಿರದ ತನಕ ಎಣಿಸಿ ಬಿಟ್ಟೆ.
ಬಗ್ಗಿ, ಒಂದು ಬೊಗಸಿ, ಕಣ್ಣಿಗೆ ಹಚ್ಚಿಕೊಂಡೆ,
ಭೀಮಾ ನದಿಗೆ ಹೋದಾಗ ಅವ್ವ ಮಾಡ್ತಿದ್ದಂಗ.
ಕಣ್ಣು ಉರೀತು.

ಎರಡನೇ ದಿನ ರಬ್ಬರಿನ ಟೊಪ್ಪಿಗಿ ಜೋಡಿ ಜಗಳ.
ಅದು ತುರುಬಿಗೆ ಒಲ್ಲೆ ಅಂತು, ತುರುಬು ಅದಕ್ಕ ಒಲ್ಲೆ ಅಂತು.
ಜೈತುನಬಿ ಹಿಂದಿನಿಂದ ಜಗ್ಗಿದಳು, ನಾ ಮುಂದ ಜಗ್ಗಿದೆ,
ಅದು ಹಾರಿ ಹೋಗಿ ಆಳದ ಕಡೆ ಬಿತ್ತು,
ಕೆಂಪು ಬದನಿಕಾಯಿ ತೇಲಿದಂಗ ತೇಲಿತು.
ನೋಡ್ರಿ, ಅಂದಳು ಪ್ರಣಾಲಿ, ಅದಕ್ಕ ಯಾರು ಕಲಿಸಿದ್ರು?

ಪ್ರಣಾಲಿ ಗಜ್ಜಮ್, ಕಲಿಸೋ ಹುಡುಗಿ, ಇಪ್ಪತ್ಮೂರು ಆಗಿರಬೇಕು.
ಅವರವ್ವನ ಜೋಡಿ ತೆಲುಗು, ನಮ್ಮ ಜೋಡಿ ಮರಾಠಿ,
ಸಿಟ್ಟು ಬಂದ್ರ ಮಾತ್ರ ನನ್ನ ಜೋಡಿ ಕನ್ನಡ.
ನನ್ನ ಬೆನ್ನ ಕೆಳಗ ಎರಡು ಅಂಗೈ ಹಿಡದು
ಸೋಡಾ, ಆಜಿ, ಸೋಡಾ, ಅಂತಾಳ.
ಬಿಡು ಅಂತ ಅರ್ಥ. ಗೊತ್ತದ.
ಮಗ್ಗದ ಮುಂದ ಕೈ ಬಿಟ್ರ ನೂಲು ಹರೀತದ,
ನಳದ ಮುಂದ ಕೈ ಬಿಟ್ರ ಪಾಳಿ ಹೋಗ್ತದ,
ಬಿಡೋದನ್ನ ಯಾವ ಸಾಲ್ಯಾಗ ಹೇಳಿಕೊಟ್ಟಿದ್ರವ್ವ ನನಗ?
"ಬಿಡ್ರಿ ಅಂದ್ನೆಲ್ಲಾ!"

ಕಿವಿ ಮುಳುಗಿದ್ವು.

ನೀರಿನೊಳಗ ಎಲ್ಲೋ ಒಂದು ಮೋಟಾರು.
ಥೇಟ್ ಮಗ್ಗದ ಸಪ್ಪಳ,
ಆದ್ರ ಅದರ ಮುಂದ ನಾ ನಿಂದರಬೇಕಾಗಿಲ್ಲ.
ಗಾಜಿನಾಚೆ ಒಂದು ಪಾರಿವಾಳ ನಡದು ಹೋತು,
ಅದರ ಅಂಗಾಲು ಕಂಡ್ವು, ಗುಲಾಬಿ.
ಪ್ರಣಾಲಿ ಕೈ ಯಾವಾಗ ತಗದಳೋ.

ಬಟ್ಟಿ ಬದಲಿ ಮಾಡೋ ಕ್ವಾಣ್ಯಾಗ ಎಲ್ಲಾರೂ ಮೈ ಒರಸಿಕೋತಾರ
ನಮ್ಮೂರ ಟಾವೆಲ್ಲಿನಿಂದ. ಕೆಲವಕ್ಕ
ನಾ ಹೊಲದ ಅಂಚು ಇರಬಹುದು, ಜ್ವಾಡಿ ಹೊಲಿಗಿ,
ಮೂವತ್ತೆಂಟು ವರ್ಷ, ಡಜನ್ನಿಗಿಷ್ಟು ಅಂತ.
ನಾವು ಮಾತ್ರ ಮನಿಯಾಗ ಹಳೇ ಸೀರಿ ತುಂಡಿಲೆ ಒರಸಿಕೊಂಡೇವು.
ಜೈತುನಬಿ ಟಾವೆಲ್ಲಿನ ಮೂಲ್ಯಾಗ ಒಂದು ಎಳಿ ಜೋತುಬಿದ್ದಿತ್ತು,
ಹಲ್ಲಿಲೆ ಹರದೆ.
ನಾಲಿಗಿ ತುಂಬ ಈಜಿನ ಔಷಧಿ.

ಮನಿಗೆ ಹೋದ ಮ್ಯಾಲ ಮೊಮ್ಮಗಳು ಕೇಳಿದಳು,
ಖೋಲಿ ಎಷ್ಟದ ಆಯಿ?
ಐದು ಫೂಟ, ಅಂದೆ. ಕಿಡಕಿ ಇಲ್ಲ,
ಬಾಡಿಗಿ ತಾಸಿಗೆ ನಲವತ್ತು.

ಆ ರಾತ್ರಿ ಒಂದೂವರಿಗೆ ನಳ ಕೆಮ್ಮಿತು.
ಕೊಡ ತುಂಬೂತನಾ ಅದರ ಬಾಯಿಗೆ ಕಿವಿ ಕೊಟ್ಟು ಕುಂತೆ.
"ಪಾಳಿ ದಾಟತದ, ಎಲ್ಲಿದ್ದೀ ಇಂದುಬಾಯಿ?"
ಹಿಂದಿನಿಂದ ಯಾರೋ ಬೈದ್ರು.
ಎದ್ದೆ. ಎರಡು ಕೊಡ ಎತ್ತಿದೆ. ಮೊಣಕಾಲು ನೋವ್ತಾನೇ ಇತ್ತು.
ಹೆಜ್ಜಿ ಮಾತ್ರ ನೀರಾಗ ಇಟ್ಟಂಗ ಇಟ್ಟೆ,
ಸಾವಕಾಶ, ತಳ ಹುಡುಕಿ.