ಬೆಸ ಜೋಡಿ

ಗಿರಾಕಿ ಕೇಳಿದ್ದು ಹನ್ನೊಂದನೇ ಸೈಜು, ಕಂದು ಬಣ್ಣ,
ಒಳಗೆ ಉಣ್ಣೆಯಿರುವ ಬೂಟು.
ವಿನಿಪೆಗ್‌ನ ಜನವರಿ. ಸೊನ್ನೆಯಿಂದ ಕೆಳಗೆ ಮೂವತ್ತೊಂದು.
ಒಂದೇ ನಿಮಿಷ, ಎಂದಳು ಲುಜ್‌ವಿಮಿಂಡಾ.
ತಮ್ಮ ದೇಶದ ದ್ವೀಪಗಳನ್ನೆಲ್ಲ ಸೇರಿಸಿ ಅಪ್ಪ ಹೊಲಿದ ಹೆಸರು;
ಎದೆಯ ಬಿಲ್ಲೆಯಲ್ಲಿ ಜಾಗ ಸಾಲದೆ
ಇಲ್ಲಿ ಬರೀ ಮಿಂಡಾ.

ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳು ಸೂರಿನ ತನಕ.
ದೊಡ್ಡ ಪಾದಗಳು ಯಾವಾಗಲೂ ಮೇಲೆ,
ಖರ್ಚಾಗುವುದು ಕಡಿಮೆಯಲ್ಲ, ಅದು ಡ್ಯಾರಿಲ್‌ನ ಲೆಕ್ಕ.
ಏಣಿಯ ಒಂದು ಕಾಲಿಗೆ ರಬ್ಬರ್ ಇರಲಿಲ್ಲ.
ಅಕ್ಟೋಬರಿನಲ್ಲೇ ನೋಡಿದ್ದೆ ನಾನು,
ದಾಖಲೆ ಪುಸ್ತಕದಲ್ಲಿ ಬರೆದೂ ಇದ್ದೆ,
ಬರೆದು, ಪೆನ್ನು ಮುಚ್ಚಿ, ಕಾಫಿಗೆ ಹೋಗಿದ್ದೆ.

ಸದ್ದು ಅಷ್ಟೇನೂ ದೊಡ್ಡದಲ್ಲ.
ಮೊದಲು ದಬದಬ ರಟ್ಟು, ಆಮೇಲೆ ಏಣಿ,
ಆಮೇಲೆ ಏನೂ ಇಲ್ಲ.
ಹೋಗಿ ನೋಡಿದರೆ ಗೋಡೆಗೊರಗಿ ಕೂತಿದ್ದಾಳೆ,
ತೊಡೆಯ ಮೇಲೆ ಹನ್ನೊಂದು, ಮುಚ್ಚಳ ಕೂಡ ತೆರೆದಿಲ್ಲ.
ಅವನಿಗೆ ಕೊಡು ಮೊದಲು, ಎಂದಳು.
ಕೊಟ್ಟೆ.
ಅವನು ಹಾಕಿ ನಾಲ್ಕು ಹೆಜ್ಜೆ ನಡೆದು
ಸ್ವಲ್ಪ ಬಿಗಿ ಅಂದ.

ನಮೂನೆ ತುಂಬಿದವನೂ ನಾನೇ.
ಬಿದ್ದ ಎತ್ತರ: ಐದನೇ ಮೆಟ್ಟಿಲು.
ಸೂಕ್ತ ಪಾದರಕ್ಷೆ ಇತ್ತೇ?
ಇದು ಚಪ್ಪಲಿ ಅಂಗಡಿ ಸ್ವಾಮಿ.
ಏಣಿ ಹಿಡಿಯಲು ಇನ್ನೊಬ್ಬರು ಇದ್ದರೇ?
ಇದ್ದರು. ಗಲ್ಲಾದಲ್ಲಿ. ಚಿಲ್ಲರೆ ಎಣಿಸುತ್ತ.
ಅದನ್ನು ಬರೆಯಲು ಕೊಟ್ಟ ಜಾಗ
ಒಂದು ಹೌದು ಇಲ್ಲವೆ ಒಂದು ಅಲ್ಲ.

ಎಡ ಹಿಮ್ಮಡಿಯ ಮೂಳೆ.
ಮೊಟ್ಟೆ ಕೆಳಗಿಟ್ಟು ಅದುಮಿದಂತಾಗಿದೆ ಎಂದರಂತೆ ಡಾಕ್ಟರು.
ಒಂದು ತಗಡು, ಏಳು ಸ್ಕ್ರೂ.
ಕರಗಿದ ಹಿಮ ರಸ್ತೆಯಂಚಿಗೆ ಕಪ್ಪಾಗಿ ಹರಿಯುವ ಹೊತ್ತಿಗೆ
ಕುಂಟುತ್ತ ಬಂದಳು. ಹೊಸ ಏಣಿ ಬಂದಿತ್ತು ಅಷ್ಟರಲ್ಲಿ,
ಹಳದಿಯದು, ಮೈತುಂಬ ಎಚ್ಚರಿಕೆ.
ಅವಳು ಅದರ ಕಡೆ ನೋಡಲಿಲ್ಲ.
ನನಗೊಂದು ಜೋಡಿ ಬೇಕಲ್ಲ, ಅಂದಳು.

ಹನ್ನೆರಡು ವರ್ಷ ಊರಿನ ಪಾದಗಳ ಮುಂದೆ ಮಂಡಿಯೂರಿದವಳು
ಸ್ಟೂಲಿನ ಮೇಲೆ ಕೂತಳು. ಅಳೆಯುವ ತಗಡಿಗೆ
ನಾನು ಕೈಯಾರೆ ಅವಳ ಕಾಲಿಟ್ಟೆ.
ಬಲಗಾಲು ಆರು. ಎಡಗಾಲು ಏಳೂವರೆ, ಅಗಲ.
ಇನ್ನೊಮ್ಮೆ ಅಳೆ ಎಂದಳು. ಅಳೆದೆ.
ಬಿಸಿಯಿತ್ತು ಹಿಮ್ಮಡಿ, ಈಗಲೂ.

ಎರಡು ಜೋಡಿಗೆ ದುಡ್ಡು ಕೊಟ್ಟಳು,
ನೌಕರರ ರಿಯಾಯಿತಿ ಕಳೆದು.
ಒಂದರಿಂದೊಂದು ಹಾಕಿಕೊಂಡಳು. ಉಳಿದ ಎಡ ಆರು, ಬಲ ಏಳೂವರೆ
ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿ
ತೀರಾ ಕೆಳಗಿನ ಹಲಗೆಗೆ ತಳ್ಳಿದಳು.

ಇದನ್ನು ಯಾರು ಕೊಳ್ಳುತ್ತಾರೆ ಮಿಂಡಾ?

ಎಷ್ಟು ಅಂಗಡಿಗಳಿವೆ ಈ ಊರಲ್ಲಿ, ಎಂದಳು.
ಬಲಗಾಲ ಮೇಲೆ ಬಿದ್ದವಳು
ಒಬ್ಬಳಾದರೂ ಬರುತ್ತಾಳೆ.