ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು

ಬೈಕು ತಿರುವಿನಲ್ಲಿ ವಾಲುತ್ತದೆ.
ಸವಾರ ವಾಲುತ್ತಾನೆ, ಎಂಜಿನ್ನು ವಾಲುತ್ತದೆ,
ಒಳಗಿನ ಎಣ್ಣೆಗೆ ಮಾತ್ರ ವಾಲಿದ್ದೇ ಗೊತ್ತಾಗುವುದಿಲ್ಲ.
ತೊಟ್ಟಿಯ ತಳದಲ್ಲಿ, ಹೀರುಗೊಳವೆಯ ಬಾಯ ಸುತ್ತ
ನೆಮ್ಮದಿಯಾಗಿ ಕೂತಿರುತ್ತದೆ.

ಕಾರು ವಾಲುವುದಿಲ್ಲ.
ನಾಲ್ಕೂ ಕಾಲೂರಿ ಹಟಮಾರಿಯಂತೆ ತಿರುಗುತ್ತದೆ.
ನೀನು ಬಲಕ್ಕೆ ಹೋದರೆ ಎಣ್ಣೆ ಎಡಗೋಡೆ ಹತ್ತುತ್ತದೆ,
ಕೊಳವೆ ಬಾಯಿ ತೆರೆದು ಗಾಳಿ ಕುಡಿಯುತ್ತದೆ.
ಇಷ್ಟು ಆಗ ನನಗೆ ಗೊತ್ತಿರಲಿಲ್ಲ.

ಪೀಟರ್‌ಹೆಡ್ ಬಂದರಿನ ಹಿಂದೆ ಬಾಡಿಗೆ ಶೆಡ್ಡು.
ಎಷ್ಟು ತೊಳೆದರೂ ಹೆರಿಂಗ್ ಮೀನಿನ ವಾಸನೆ.
ಉಕ್ಕಿನ ಕೊಳವೆ ಬೆಸೆದು ನಾನೇ ಕಟ್ಟಿದ ಕಾರು,
ಹಳ್ಳಕ್ಕೆ ಬಿದ್ದು ಮೈ ಮುರಿದುಕೊಂಡ ಯಾರದೋ ಸುಜುಕಿಯಿಂದ
ಬಿಚ್ಚಿ ತಂದ ಎಂಜಿನ್ನು.
ನೆಲಕ್ಕೆ ತಾಗದಿರಲೆಂದು ಅದರ ತೊಟ್ಟಿಯನ್ನು
ಮೂರು ಬೆರಳು ಕುಯ್ದು ಕುಳ್ಳಗೆ ಮಾಡಿದ್ದೆ.
ಜಾಣೆ ಅಂದುಕೊಂಡಿದ್ದೆ.

ಮೇ ತಿಂಗಳ ಭಾನುವಾರ. ಯುದ್ಧಕಾಲದ ವಿಮಾನದ ಓಡುದಾರಿ,
ಬಿರುಕಿನಲ್ಲೆಲ್ಲ ಹುಲ್ಲೆದ್ದ ಕಾಂಕ್ರೀಟು,
ಮುಗಿಯದ ಬಲ ತಿರುವು.
ಒತ್ತಡದ ಮುಳ್ಳು ಸೊನ್ನೆಯ ಮೇಲೆ ಮಲಗಿತು,
ನಾಲ್ಕು ಸೆಕೆಂಡು.
ಮುಳ್ಳೇ ಕೆಟ್ಟಿದೆ ಅಂದುಕೊಂಡು ಕಾಲು ತೆಗೆಯಲಿಲ್ಲ.
ಆಮೇಲೆ ಒಳಗಿಂದ ಯಾರೋ ಬಾಗಿಲು ತಟ್ಟಿದರು,
ಬಡಿದರು, ಗುದ್ದಿದರು.
ಆಮೇಲೆ ಯಾರೂ ಇರಲಿಲ್ಲ.

ಬಿಚ್ಚಿದಾಗ ಎರಡನೆಯ ಸಿಲಿಂಡರಿನ ಬೇರಿಂಗು
ತಾಮ್ರ ಕಾಣುವಷ್ಟು ತೇದುಹೋಗಿತ್ತು.
ತಟ್ಟೆಯ ಎಣ್ಣೆಯಲ್ಲಿ ಚಿನ್ನದ ಹುಡಿಯಂಥದ್ದು ತೇಲುತ್ತಿತ್ತು,
ಚೆಂದವಾಗಿತ್ತು, ಅದೇ ಸಿಟ್ಟು.

ಪಕ್ಕದ ಶೆಡ್ಡಿನ ಹೆಕ್ಟರ್ ಸ್ಟ್ರಾಖನ್ ಬಂದು ಬಗ್ಗಿ ನೋಡಿದ.
ಮೂವತ್ತೊಂದು ವರ್ಷ ಮೀನುಹಡಗಿನ ಎಂಜಿನ್ ಕೋಣೆಯವನು.
"ಎಷ್ಟು ಹಾಕಿದ್ದೆ, ಕ್ವೈನ್?"
ಈ ಕಡೆ ಹುಡುಗಿಯರನ್ನು ಕರೆಯುವುದೇ ಹಾಗೆ,
ನಲವತ್ತು ದಾಟಿದವರನ್ನೂ.
"ಒಂದು ಲೀಟರು ಹೆಚ್ಚೇ."
ಅವನು ನಕ್ಕ.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುವವರು
ಕೊಡ ಹೊತ್ತು ತಿರುವಿನಲ್ಲಿ ಓಡಿದವರಲ್ಲ.
ಹೆಚ್ಚಾದದ್ದನ್ನು ಕ್ರ್ಯಾಂಕು ಮಜ್ಜಿಗೆಯಂತೆ ಕಡೆಯುತ್ತದೆ,
ನೊರೆ ಕುಡಿದರೂ ಒಂದೇ, ಗಾಳಿ ಕುಡಿದರೂ ಒಂದೇ.

ಹಡಗು ವಾಲುತ್ತದಲ್ಲ, ಅಂದೆ.
"ವಾಲುತ್ತದೆ. ಆದರೆ ತಿರುವಿಗಲ್ಲ, ಸಮುದ್ರದ ಮರ್ಜಿಗೆ."
ಶೆಟ್‌ಲ್ಯಾಂಡಿನಾಚೆ ಒಂದು ಜನವರಿಯ ರಾತ್ರಿ
ಅಲೆ ನೋಡಿದವರು ಮೇಲಿನವರಂತೆ,
ಅವನು ನೋಡಿದ್ದು ಬರೀ ಮುಳ್ಳು, ಬೆಳಗಾಗುವ ತನಕ.
"ಜೊತೆಗಿದ್ದ ಹಡಗಿನಲ್ಲಿ ನೋಡುವವನು ನಿದ್ದೆಹೋಗಿದ್ದ"
ಅಂದು, ಅರ ಎಲ್ಲಿದೆ ಎಂದು ಕೇಳಿದ.

ಹಳೆಯ ಮೀನುಪೆಟ್ಟಿಗೆಯ ಅಲ್ಯೂಮಿನಿಯಂ ತಗಡು,
ಮೇಲೆ ಬಂದರಿನ ಹೆಸರಿನ ಅರ್ಧ ಅಕ್ಷರ.
ಕೊಳವೆಯ ಸುತ್ತ ನಾಲ್ಕು ಗೋಡೆ ಎಬ್ಬಿಸಿದೆವು,
ಗೋಡೆಗೊಂದು ಬಾಗಿಲು, ಹೆಬ್ಬೆರಳಿನ ಉಗುರಿನಷ್ಟು.
ಬಾಗಿಲು ತೆರೆಯುವುದು ಒಳಕ್ಕೆ ಮಾತ್ರ:
ಎಣ್ಣೆ ಬರಬಹುದು, ಎದ್ದು ಹೋಗುವಂತಿಲ್ಲ.
ಹೆಕ್ಟರ್ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು
ಕಣ್ಣು ಮುಚ್ಚಿ ಎಡಕ್ಕೂ ಬಲಕ್ಕೂ ತೊನೆದ.
ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಸ್ವಲ್ಪವೇ.

ಸೆಪ್ಟೆಂಬರು. ಅದೇ ಓಡುದಾರಿ, ಅದೇ ತಿರುವು, ಬೇರೆ ಎಂಜಿನ್ನು,
ಅದರ ಸಾಲ ಇನ್ನೂ ತೀರಿಲ್ಲ.
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮುಳ್ಳು ನೋಡಿದೆ,
ರಸ್ತೆಯನ್ನು ಅಷ್ಟಾಗಿ ನೋಡಲಿಲ್ಲ.
ಎರಡು ಕೋನು ಬಿದ್ದವು.
ಮುಳ್ಳು ಇಳಿಯಿತು, ನಡುಗಿತು,
ನಡುಗುತ್ತಲೇ ನಿಂತಿತು.

ಎಷ್ಟು ಹೊತ್ತಿನಲ್ಲಿ ಮುಗಿಸಿದೆ ಎಂದು ಎಲ್ಲರೂ ಕೇಳಿದರು.
ಹೆಕ್ಟರ್ ಕೇಳಿದ್ದು, "ಎಷ್ಟಕ್ಕಿಳಿಯಿತು?"
"ಎರಡೂವರೆ."
ಟೋಪಿ ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡ.
"ಎಡಕ್ಕೆ ತಿರುಗಿ ನೋಡಿದ್ದೀಯಾ?"