ಹನ್ನೊಂದು ಗಂಟೆಯ ನೀರು

ಮತ್ರಾದ ಸರ್ಕಾರಿ ಶಿಶುವಿಹಾರದಲ್ಲಿ
ಈ ವರ್ಷದ ಭರ್ತಿ ಅರವತ್ತಮೂರು.
ಗಂಡು ಇಪ್ಪತ್ತೊಂಬತ್ತು, ಹೆಣ್ಣು ಮೂವತ್ತನಾಲ್ಕು,
ರಾಷ್ಟ್ರೀಯತೆಯ ಕಾಲಮಿನಲ್ಲಿ
ಒಮಾನಿ ಎಂದು ಮೇಲೊಮ್ಮೆ ಬರೆದು
ಕೆಳತನಕ ಒಂದೇ ಗೀಟೆಳೆಯುತ್ತಾರೆ ರಯ್ಯಾ ಟೀಚರು.

ನನ್ನದು ಬೇರೆ ಲೆಕ್ಕ. ನಾನು ನೀರು ಕೊಡುವವಳು.
ಹನ್ನೊಂದಕ್ಕೆ ಜಗ್ಗು ಹಿಡಿದು ಹೊರಟರೆ
ಮಾಯ್ ಅನ್ನುವವು ಇಪ್ಪತ್ತೆಂಟು,
ಆಪ್ ಅನ್ನುವ ಬಲೂಚಿ ಮನೆಯವು ಹತ್ತೊಂಬತ್ತು,
ಪಾಣಿ ಒಂಬತ್ತು,
ಅಜ್ಜಿ ಜಂಜಿಬಾರಿನಿಂದ ಬಂದ ಆರಕ್ಕೆ ಮಾತ್ರ
ಮಾಜಿ.
ಮಾಜಿ ಅಂದರೆ ನಮ್ಮ ಕಡೆ
ಕುರ್ಚಿ ಕಳಕೊಂಡ ಮಂತ್ರಿ. ಮೊದಲ ದಿನ
ಲೋಟ ಹಿಡಿದುಕೊಂಡೇ ನಕ್ಕುಬಿಟ್ಟಿದ್ದೆ.

ಕೂಡಿಸಿದರೆ ಅರವತ್ತೆರಡು.

ಉಳಿದವನು ಖಲ್ಫಾನ್.
ಮುಸಂದಮ್ ಕಡೆಯವನಂತೆ, ಅಪ್ಪ ದೋಣಿಯವ.
ಬೂಟು ಬಿಚ್ಚ, ಬ್ಯಾಗು ಕೆಳಗಿಡ,
ಈಗಲೇ ಬಸ್ಸು ಬಂದೀತು ಎಂಬ ಹಾಗೆ
ಬಾಗಿಲ ಪಕ್ಕ ಕೂತಿರುತ್ತಾನೆ.

ಐದು ವಾರ ನಾಲ್ಕೂ ಮಾತಲ್ಲಿ ಕೇಳಿದೆ.
ನಿನ್ನೆ ಸೊಂಟ ನೋವು, ಸಾಕಾಗಿತ್ತು,
ಕುಂದಾಪುರದ್ದೇ ಬಾಯಿಗೆ ಬಂತು:
‘ನೀರ್ ಬೇಕಾ ಮಗಾ?’
ಹುಡುಗ ನನ್ನ ಬಾಯನ್ನೇ ನೋಡಿದ.
‘ನೀರ್’ ಅಂದ. ಕುಡಿದ.
ಲೋಟ ಮತ್ತೆ ಚಾಚಿ ‘ನೀರ್’.
ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ.

ಮಧ್ಯಾಹ್ನ ಕಚೇರಿಗೆ ಹೋಗುವ ಕಾಗದದಲ್ಲಿ
ಇದಕ್ಕೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ.
ಜಗ್ಗಿನ ತಳ ಉಜ್ಜುತ್ತ
ಒದ್ದೆ ಬೆರಳು ಮಡಚಿ ಮತ್ತೊಮ್ಮೆ ಎಣಿಸಿದೆ.
ಕನ್ನಡ:
ನನ್ನ ಬಿಟ್ಟು, ಒಂದು.